ಹದಿನಾಲ್ಕು ಮಿಲಿ

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ 8

ಬರೆಯಬೇಕಂತೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಐವತ್ತೊಂಬತ್ತನೇ ವಯಸ್ಸಿನಲ್ಲಿ ನೋಟ್‌ಬುಕ್ಕು. ಬೆಳಗಿನ ತಪಾಸಣೆ ಮುಗಿಸಿ ರೈಲು ಶೆಡ್ಡಿನ ಬೆಂಚಿನ ಮೇಲೆ ಟೀ ಆರಿಸಿಕೊಳ್ಳುತ್ತಾ ಕೂತಿದ್ದೇನೆ. ಕೈಗೆ ಗ್ರೀಸು. ಮೊದಲ ಪುಟಕ್ಕೂ ಗ್ರೀಸು. ಆಗಲಿ.

ಕಳೆದ ವಾರದ ಮೀಟಿಂಗಿನಲ್ಲಿ ನಾನು ಕೂಗಾಡಿದೆನಂತೆ. ಕೂಗಾಡಲಿಲ್ಲ. ಜೋರಾಗಿ ಹೇಳಿದೆ. ಸಲಹೆ ಕೊಡಲು ಹೊರಗಿನಿಂದ ಒಬ್ಬ ಬಂದಿದ್ದಾನೆ. ಟೈ ಕಟ್ಟಿಕೊಂಡೇ ಹುಟ್ಟಿದವನ ಹಾಗಿದ್ದಾನೆ, ನಾವೆಲ್ಲ ಟೈಯಪ್ಪ ಅಂತಲೇ ಕರೆಯುವುದು. "ಹಳೇ ರೈಲು ಲೈನಿಗೆ ಹೊಸ ಲೈನು ಸೇರಿಸೋದು ಏನು ಮಹಾ, ಪೈಪಿಗೆ ಪೈಪು ಜೋಡಿಸಿದ ಹಾಗೆ" ಅಂದ. "ನಿಮ್ಮ ಮನೆ ಬಚ್ಚಲಿನ ಪೈಪು ಮೊದಲು ಜೋಡಿಸಿ ತೋರಿಸಿ" ಅಂದೆ. ಅಷ್ಟೇ. ಮೇಜು ತಟ್ಟಿದ್ದು ನಿಜ. ಲೋಟ ತಾನಾಗಿ ಬಿತ್ತು.

ಸಿಬ್ಬಂದಿ ಆಫೀಸಿನ ಹುಡುಗಿ ಕರೆಸಿದಳು. "ಸಿಟ್ಟು ಬಂದಾಗ ಕೂಗೋ ಬದಲು ಇದ್ರಲ್ಲಿ ಬರೀರಿ ಮೇಡಂ. ಮೂರು ತಿಂಗಳು. ಯಾರೂ ಓದಲ್ಲ."

"ಯಾರೂ ಓದಲ್ಲ ಅಂದ್ಮೇಲೆ ಯಾಕೆ ಬರೀಬೇಕು?"

"ಅದಕ್ಕೇ ಮೇಡಂ."

ಈ ಉತ್ತರ ಇನ್ನೂ ಅರ್ಥವಾಗಿಲ್ಲ. ಟೀ ಆರಿಹೋಯಿತು.

ಫೆಬ್ರವರಿ 5, ಬುಧವಾರ

ಇವತ್ತು ಸಿಟ್ಟು ಬಂದಿಲ್ಲ. ಆದರೂ ಬರೆಯಬೇಕಾ? ಕೇಳಲು ಹೋದರೆ ಸಿಟ್ಟು ಬರುತ್ತದೆ.

ಬೆಳಗಿನ ಜಾವ ನಾಲ್ಕೂವರೆಗೆ ತೊಲೆ ಹತ್ತಿದೆ. ನಮ್ಮದು ಎರಡು ಹಳಿಯ ರೈಲಲ್ಲ. ಕಂಬಗಳ ಮೇಲೆ ಕಾಂಕ್ರೀಟಿನ ಒಂದೇ ತೊಲೆ. ಆರು ಕಿಲೋಮೀಟರು. ಆಟದ ಪಾರ್ಕಿನ ಗೇಟು, ಎರಡು ಹೋಟೆಲು, ಕೆರೆಯ ದಂಡೆ ಎಲ್ಲ ಬಳಸಿ ಹೊರಟಲ್ಲಿಗೇ ಬರುತ್ತದೆ. ಸವಾರ ಕುದುರೆ ಮೇಲೆ ಕೂತ ಹಾಗೆ ರೈಲು ಅದರ ಮೇಲೆ ಕೂರುತ್ತದೆ. ಭಾರ ಹೊರುವ ಚಕ್ರ ಮೇಲೆ. ಎರಡೂ ಪಕ್ಕದಿಂದ ತೊಲೆಯನ್ನು ಒತ್ತಿ ಹಿಡಿಯುವ ಚಕ್ರ ಕೆಳಗೆ, ಸವಾರನ ತೊಡೆಯ ಹಾಗೆ. ಹಿಡಿತ ಸಡಿಲವಾದರೆ ಓಲಾಟ. ಬಿಗಿಯಾದರೆ ಟಯರು ಸುಟ್ಟ ವಾಸನೆ. ಮೂವತ್ತೊಂದು ವರ್ಷದಲ್ಲಿ ನಮ್ಮ ಲೈನಿನಲ್ಲಿ ಒಬ್ಬರಿಗೂ ಗಾಯವಾಗಿಲ್ಲ. ಬರೆದಿದ್ದೇನೆ, ಯಾರಾದರೂ ಅಳಿಸಲಿ ನೋಡೋಣ.

ಕಿಟಕಿ ಒರೆಸಲು ಸೇರಿದವಳು ನಾನು. ಬಟ್ಟೆ ಕಿತ್ತುಕೊಂಡು ಕೈಗೆ ಸ್ಪ್ಯಾನರು ಕೊಟ್ಟವರು ದೊಡ್ಡ ಮೇಸ್ತ್ರಿ. ಅವರು ತೀರಿಕೊಂಡ ಮೇಲೆ ಆರು ಕಿಲೋಮೀಟರೂ ನನ್ನದೇ. ಕಣ್ಣು ಕಟ್ಟಿ ಬಿಟ್ಟರೂ ಯಾವ ಕಂಬದ ಮೇಲಿದ್ದೇನೆ ಅಂತ ಪಾದ ಹೇಳುತ್ತದೆ. ಪಾರ್ಕಿನವರು ತೊಲೆಯಮ್ಮ ಅನ್ನುತ್ತಾರೆ. ಬೆನ್ನ ಹಿಂದೆ ಇನ್ನೇನೋ ಅನ್ನುತ್ತಾರೆ, ಅದೂ ಗೊತ್ತು.

ಜೂನ್ ಕೊನೆಗೆ ನಿವೃತ್ತಿ.

ಫೆಬ್ರವರಿ 9, ಭಾನುವಾರ

ಮನೆಯಲ್ಲಿ ಮೂರು ಜನ. ಮೂವರೂ ಪಾರ್ಕಿನ ಅನ್ನ ತಿನ್ನುವವರು. ಯಜಮಾನರು ತಿರುಗುವ ಮರದ ಕುದುರೆಗಳಿಗೆ ಬಣ್ಣ ಬಳಿಯುತ್ತಾರೆ. ಉಗುರಿನಲ್ಲಿ ಸದಾ ಕೆಂಪು. ಮಗಳು ಪ್ಲಾನಿಂಗ್ ಆಫೀಸಿನಲ್ಲಿ ಇಂಜಿನಿಯರು. ಆಫೀಸಿನಲ್ಲಿ ನನ್ನನ್ನು ಮೇಡಂ ಅನ್ನುತ್ತಾಳೆ. ಕೇಳಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ.

ಊಟಕ್ಕೆ ಕೂತಾಗ ಹೇಳಿದಳು. "ಅಮ್ಮ, ಕೆರೆ ಆಚೆ ಹೊಸ ಹೋಟೆಲಿಗೆ ಲೈನು ಹಾಕ್ತಾರಲ್ಲ, ಅದರ ನಕ್ಷೆ ನನಗೇ ಕೊಟ್ಟಿದಾರೆ. ಎರಡು ಕಿಲೋಮೀಟರು."

"ಮೂರನೇ ಸಲ" ಅಂದೆ.

"ಏನು ಮೂರನೇ ಸಲ?"

"ಆ ಕಡೆಗೆ ಲೈನು ಹಾಕ್ತೀವಿ ಅಂದಿದ್ದು. ಮೊದಲ ಸಲ ನೀನು ತೊಟ್ಟಿಲಲ್ಲಿದ್ದೆ. ಎರಡನೇ ಸಲ ಹೈಸ್ಕೂಲಲ್ಲಿದ್ದೆ. ಎರಡು ಸಲಾನೂ ಬಣ್ಣದ ಚಿತ್ರ ಮಾಡಿ ಗೋಡೆಗೆ ಅಂಟಿಸಿದ್ರು. ಚಿತ್ರ ಮಾಸಿತು, ಲೈನು ಬರಲಿಲ್ಲ."

ಯಜಮಾನರು ತಟ್ಟೆಯಿಂದ ತಲೆ ಎತ್ತದೆ, "ಇದು ಮುಗಿಯೋ ಹೊತ್ತಿಗೆ ನಾವಿಬ್ರೂ ನಾಲ್ಕು ಜನರ ಹೆಗಲ ಮೇಲೆ ಹೋಗ್ತಿರ್ತೀವಿ ಕಣೇ. ಅದಕ್ಕೆ ರೈಲು ಬೇಡ" ಅಂದರು.

ಮಗಳು ನಗಲಿಲ್ಲ. "ಈ ಸಲ ಬರುತ್ತೆ" ಅಂದಳು. ಅಷ್ಟೇ ಅಂದದ್ದು. ಹಠ ಯಾರದ್ದು ಅಂತ ಬೇರೆ ಹೇಳಬೇಕಾ.

ಫೆಬ್ರವರಿ 18, ಮಂಗಳವಾರ

ಡೈರೆಕ್ಟರು ಗೇಟ್ ಸ್ಟೇಷನ್ನಿನ ಪ್ಲಾಟ್‌ಫಾರಂಗೆ ಬಂದಿದ್ದರು. ಒಬ್ಬರೇ. ಶೂಸಿಗೆ ಧೂಳಾಗಿದೆ ಅಂತ ನೋಡಿಕೊಳ್ಳುವವರಲ್ಲ, ಅದೊಂದು ಒಳ್ಳೆಯದು.

"ತೊಲೆಯಮ್ಮಾ, ಒಂದು ಮಾತು ಕೇಳ್ತೀನಿ, ಬೈಬೇಡಿ. ಎಲ್ಲಾ ಪಾರ್ಕಿನವರೂ ರೈಲು ಉದ್ದ ಮಾಡ್ತೀವಿ ಅಂತ ಚಿತ್ರ ಬಿಡುಗಡೆ ಮಾಡ್ತಾರೆ. ಯಾರೂ ಮಾಡಲ್ಲ. ಯಾಕೆ?"

ಇಷ್ಟು ವರ್ಷದಲ್ಲಿ ಕೇಳಿದವರು ಇವರೊಬ್ಬರೇ. ಹೇಳಿದೆ.

"ಬಸ್ಸಿಗೆ ಸ್ಟಿಯರಿಂಗು ತಿರುಗಿಸಿದ ಕಡೆ ದಾರಿ ಸಾರ್. ತೊಲೆಗೆ ಒಂದು ಕವಲು ಹಾಕಬೇಕಂದ್ರೆ ಇಡೀ ಲೈನು ಆರು ತಿಂಗಳು ಬಂದ್. ಅಷ್ಟು ದಿನ ಜನ ಏನು ಈಜಿಕೊಂಡು ಹೋಗ್ತಾರಾ? ನಮ್ಮ ರೈಲು ಮಾಡಿದ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ. ಬೇರೆಯವರ ರೈಲು ನಮ್ಮ ತೊಲೆ ಮೇಲೆ ಕೂರಲ್ಲ. ದಾರಿ ಉದ್ದ ಆದ್ರೆ ಐದು ರೈಲು ಸಾಲಲ್ಲ, ಏಳು ಬೇಕು. ಶೆಡ್ಡಲ್ಲಿ ಐದಕ್ಕೇ ಜಾಗ. ಇಷ್ಟೆಲ್ಲ ಮಾಡಿದ್ರೂ ರೈಲು ನೋಡಕ್ಕೆ ಅಂತ ಯಾರೂ ಬರಲ್ಲ, ಆಟ ನೋಡಕ್ಕೆ ಬರ್ತಾರೆ. ಎಲ್ಲಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹೇಳಲಾ?"

"ಹೇಳಿ."

"ತೊಲೆ ಕಟ್ಟಕ್ಕೆ ಐದು ವರ್ಷ. ಡೈರೆಕ್ಟರು ಇರೋದು ನಾಲ್ಕು ವರ್ಷ. ಒಬ್ಬರ ಕಾಲದಲ್ಲಿ ಬರೀ ಗುಂಡಿ, ಮುಂದಿನವರ ಕಾಲದಲ್ಲಿ ರಿಬ್ಬನ್ನು. ಗುಂಡಿ ತೋಡಿಸಕ್ಕೆ ಯಾರಿಗಿಷ್ಟ?"

ಜೋರಾಗಿ ನಕ್ಕರು. "ನಾನು ಎಷ್ಟನೆಯವನು?"

"ಏಳನೆಯವರು."

"ನಿಮ್ಮ ಮಗಳು ಕವಲನ್ನ ಶೆಡ್ಡಿನ ಕಡೆಯಿಂದ ತೆಗೆದಿದಾಳೆ, ಗೊತ್ತಾ? ಲೈನು ಒಂದು ದಿನಾನೂ ನಿಲ್ಲಿಸಬೇಕಾಗಿಲ್ಲ. ಎರಡು ರೈಲು ಮಾಡಿಕೊಡೋ ಕಾರ್ಖಾನೇನೂ ಅವಳೇ ಹುಡುಕಿದಾಳೆ. ಇರೋ ಐದು ರೈಲು ಹೊಸ ತೊಲೆ ಮೇಲೂ ಓಡುತ್ತೆ, ಹೊಸ ಎರಡು ಹಳೇದರ ಮೇಲೂ ಓಡುತ್ತೆ, ರಾತ್ರಿ ಅವೆರಡೂ ಕೆರೆ ಆಚೇನೇ ನಿಲ್ಲುತ್ತೆ ಅಂತಾಳೆ."

ನನಗೆ ಹೇಳಿರಲಿಲ್ಲ ಕಳ್ಳಿ. ರೈಲು ರಾತ್ರಿ ಮಲಗಲು ಹೋಗುವ ಆ ಸಣ್ಣ ಕವಲು ಮೊದಲಿನಿಂದಲೂ ಅಲ್ಲೇ ಇದೆ. ದಿನಾ ಅದರ ಮೇಲೇ ನಡೆದವಳಿಗೆ ಹೊಳೆಯಲಿಲ್ಲ. ಅಂಗೈಯಲ್ಲಿ ಬೆಣ್ಣೆ. ಸಂಜೆ ಮನೆಗೆ ಹೋಗುವಾಗ ನಡಿಗೆ ಬೇರೆ ಥರ ಇತ್ತಂತೆ, ಯಜಮಾನರು ಅಂದರು.

ಫೆಬ್ರವರಿ 26, ಬುಧವಾರ

"ಅಮ್ಮ, ನಮ್ಮ ತೊಲೆ ಅಗಲ ಎಷ್ಟು?"

"ಎಂಟುನೂರು ಮಿಲಿಮೀಟರು. ಮೂಲ ನಕ್ಷೆಯಲ್ಲಿದೆಯಲ್ಲ."

"ಇದೆ. ಆದ್ರೆ ನನ್ನ ಲೇಸರ್ ಏಳುನೂರ ಎಂಬತ್ತಾರು ತೋರಿಸ್ತಿದೆ. ಹದಿನಾಲ್ಕು ಕಮ್ಮಿ. ಮೂರು ಕಡೆ ಹಿಡಿದು ನೋಡ್ದೆ."

"ಹಾಗಾದ್ರೆ ಮಿಷನ್ನಿಗೇ ಕನ್ನಡಕ ಹಾಕಿಸು" ಅಂದೆ. ಎದ್ದು ಬಂದೆ.

ಬೇರೇನೂ ಬರೆಯುವುದಿಲ್ಲ.

ಮಾರ್ಚ್ 9, ಭಾನುವಾರ. ಮಧ್ಯಾಹ್ನ

ಹನ್ನೊಂದು ದಿನ ಪುಸ್ತಕ ಮುಟ್ಟಿಲ್ಲ. ಮುಟ್ಟಿದರೆ ನಿಜ ಬರೆಯಬೇಕಾಗುತ್ತದೆ.

ಮಿಷನ್ನು ಸರಿಯಾಗಿದೆ. ತೊಲೆ ಹದಿನಾಲ್ಕು ಮಿಲಿ ಸಣ್ಣಗಾಗಿದೆ. ಸಣ್ಣ ಮಾಡಿದ್ದು ದೊಡ್ಡ ಮೇಸ್ತ್ರಿ ಮತ್ತು ನಾನು.

ಲೈನು ಹೊಸದರಲ್ಲಿ ರೈಲು ಕುಲುಕುತ್ತಿತ್ತು. ತೊಲೆಯ ತುಂಡುಗಳು ಸೇರುವ ಕಡೆಯೆಲ್ಲ ಧಡಕ್. ಸಂಜೆ ಪಾರ್ಕಿನಿಂದ ವಾಪಸಾಗುವಾಗ ಮಕ್ಕಳೆಲ್ಲ ಅಪ್ಪಂದಿರ ಹೆಗಲ ಮೇಲೆ ನಿದ್ದೆ. ಧಡಕ್ ಅಂದ ಕೂಡಲೇ ಒಂದು ಅಳು, ಅದನ್ನು ಕೇಳಿ ಇನ್ನೊಂದು, ಆಮೇಲೆ ಇಡೀ ಬೋಗಿ. ದೊಡ್ಡ ಮೇಸ್ತ್ರಿಗೆ ಅದು ಮುಖಕ್ಕೆ ಹೊಡೆದ ಹಾಗೆ. "ಮಲಗಿದ ಕೂಸು ಏಳಬಾರದು ಕಣಮ್ಮ, ಅದೇ ನಮ್ಮ ಅಳತೆ" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಪಾರ್ಕು ಹದಿನೈದು ದಿನ ಮುಚ್ಚುತ್ತದೆ. ಆಗ ಇಬ್ಬರೂ ಗ್ರೈಂಡರು ಹಿಡಿದು ತೊಲೆಯ ಎರಡೂ ಪಕ್ಕ ಉಜ್ಜುತ್ತಿದ್ದೆವು. ಕೂದಲೆಳೆಯಷ್ಟು. ಉಜ್ಜಿದಷ್ಟಕ್ಕೂ ಪಕ್ಕದ ಚಕ್ರದ ಹಿಂದೆ ತೆಳು ತಗಡು ಸೇರಿಸಿ ಚಕ್ರವನ್ನು ಒಳಕ್ಕೆ ತಳ್ಳುವುದು. ಅವರು ಹೋದ ಮೇಲೆ ನಾನೊಬ್ಬಳೇ. ವರ್ಷಕ್ಕೆ ಕೂದಲೆಳೆ, ಮೂವತ್ತೊಂದು ವರ್ಷಕ್ಕೆ ಹದಿನಾಲ್ಕು ಮಿಲಿ. ತೊಲೆ ರೈಲಿಗೆ ಹೊಂದಿತು, ರೈಲು ತೊಲೆಗೆ ಹೊಂದಿತು. ಗಂಡ ಹೆಂಡತಿ ಹಾಗೆ. ಆ ನಕ್ಷೆ ಮದುವೆ ದಿನದ ಫೋಟೋ.

ಎಲ್ಲೂ ಬರೆದಿಡಲಿಲ್ಲ. ಮೊದಲ ವರ್ಷ ಮೇಸ್ತ್ರಿ ಅನುಮತಿ ಕೇಳಿ ಕಾಗದ ಕೊಟ್ಟಿದ್ದರು. ಕಾಗದ ಹೋದ ದಾರಿಯಲ್ಲಿ ವಾಪಸು ಬರಲಿಲ್ಲ. ಮತ್ತೆ ಕೇಳಲಿಲ್ಲ. ಕೇಳದೆ ತೊಲೆ ಮುಟ್ಟಿದರೆ ಕೆಲಸದಿಂದ ತೆಗೆಯಬಹುದು ಅಂತ ನಿಯಮ. ಈಗ ಬಾಯಿ ಬಿಟ್ಟರೆ ತೀರಿಕೊಂಡವರ ಹೆಸರಿಗೆ ಮಸಿ. ಅದಕ್ಕೇ ಸುಮ್ಮನಿದ್ದೇನೆ ಅಂತ ಹನ್ನೊಂದು ದಿನ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜ ಅಲ್ಲ. ಆ ಹದಿನಾಲ್ಕು ಮಿಲಿ ನನ್ನ ಜೀವಮಾನದ ಕೆಲಸ. ಅದನ್ನು ಯಾವನಾದರೂ ತಪ್ಪು ಅಂದರೆ ತಡೆದುಕೊಳ್ಳಲಾರೆ.

ಮಗಳು ಲೇಸರನ್ನು ರಿಪೇರಿಗೆ ಕಳಿಸಿದಳು. ಏನೂ ಕೆಟ್ಟಿಲ್ಲ ಅಂತ ಬಂತು. ಟೈಯಪ್ಪ, "ನಕ್ಷೆ ಪ್ರಕಾರ ಹಾಕಮ್ಮ, ತಲೆ ಕೆಡಿಸ್ಕೋಬೇಡ" ಅಂದನಂತೆ. ನಾಳೆ ಬೆಳಿಗ್ಗೆ ಸಹಿ. ಎಂಟುನೂರರ ತೊಲೆ, ಎರಡು ಕಿಲೋಮೀಟರು. ಏಳುನೂರ ಎಂಬತ್ತಾರಕ್ಕೆ ಬಿಗಿಸಿದ ನಮ್ಮ ಚಕ್ರ ಅದರ ಮೇಲೆ ಹೋದರೆ ನೂರು ಗಜಕ್ಕೆ ಹೊಗೆ. ಹೊಸ ರೈಲು ನಮ್ಮ ತೊಲೆಗೆ ಬಂದರೆ ಕುಡುಕನ ಹಾಗೆ ಓಲಾಟ. ಕೆಳಗೆ ಕೆರೆ. ಕಾಗದದ ಮೇಲೆ ಸಹಿ ನನ್ನ ಮಗಳದು.

ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಳೆ. ಹೋಗಿ ಹೇಳುತ್ತೇನೆ. ಈಗಲೇ…

ಅದೇ ದಿನ, ಸಂಜೆ

ಹೇಳಿದೆ. ಒದ್ದೆ ಟವೆಲು ಕೈಯಲ್ಲೇ ಹಿಡಿದು ನಿಂತಳು.

"ಹನ್ನೊಂದು ದಿನ ಅಮ್ಮ! ಸರಿಯಾಗಿರೋ ಮಿಷನ್ನ ರಿಪೇರಿಗೆ ಪ್ಯಾಕ್ ಮಾಡ್ತಿದ್ದಾಗ ಪಕ್ಕದಲ್ಲಿ ಕೂತು ನೋಡ್ತಿದ್ದೆಯಲ್ಲ. ಹಗ್ಗ ಬೇರೆ ಹುಡುಕಿ ಕೊಟ್ಟೆ!"

ಕೊಟ್ಟಿದ್ದೆ. ಗಟ್ಟಿ ಹಗ್ಗ.

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಯಜಮಾನರು ಉಳಿದ ಬಟ್ಟೆ ಒಣಹಾಕಿದರು. "ಬೈಸ್ಕೊಂಡು ಅಭ್ಯಾಸ ಇಲ್ಲ ನಿಂಗೆ. ಅಭ್ಯಾಸ ಆಗುತ್ತೆ. ನನ್ನ ನೋಡು" ಅಂದರು.

ಅರ್ಧ ಗಂಟೆಗೆ ಬಾಗಿಲು ತೆಗೆಯಿತು. "ತಗಡು ಎಷ್ಟು ದಪ್ಪ? ಐದೂ ರೈಲಿಗೆ ಒಂದೇ ಥರಾನಾ?" ಅಂತ ಪೆನ್ನು ಹಿಡಿದು ಕೂತಳು.

ಮಾರ್ಚ್ 10, ಸೋಮವಾರ

ಮೀಟಿಂಗು. ಡೈರೆಕ್ಟರು, ಟೈಯಪ್ಪ, ಪ್ಲಾನಿಂಗಿನವರು. ನಾನೇ ಎದ್ದು ನಿಂತು ಹೇಳಿದೆ. ಮೇಸ್ತ್ರಿ ಹೆಸರನ್ನೂ ಹೇಳಿದೆ, ಬಚ್ಚಿಡಲಿಲ್ಲ.

ಟೈಯಪ್ಪ ಟೈ ಸಡಿಲ ಮಾಡಿಕೊಂಡ. ಮೊದಲ ಸಲ ನೋಡಿದ್ದು. "ರೆಕಾರ್ಡ್ ಎಲ್ಲಿದೆ?"

"ನಾನೇ ರೆಕಾರ್ಡು" ಅಂದೆ.

ಹೇಳುವಾಗ ಚೆನ್ನಾಗಿತ್ತು. ಆಮೇಲೆ ತಿಳಿಯಿತು, ಜೂನ್ ಕೊನೆಗೆ ಆ ರೆಕಾರ್ಡು ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತದೆ. ಜಂಬದ ಮಾತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ ಹಾಗೆ.

"ಇದು ಕಂಪನಿ ಆಸ್ತಿ ಹಾಳು ಮಾಡಿದ ಹಾಗೆ. ಇಂಥದ್ದಕ್ಕೇ ನಾನು ಹೇಳೋದು, ರೈಲು ಬಿಟ್ಟು ಬಸ್ಸು ತಗೊಳ್ಳಿ ಅಂತ" ಅಂದ ಟೈಯಪ್ಪ.

ಮಗಳು ಎದ್ದಳು. ದನಿ ಏರಿಸಲಿಲ್ಲ. ಅದು ಅಪ್ಪನ ಕಡೆಯಿಂದ ಬಂದಿದ್ದು.

"ಹಾಳಾಗಿದ್ರೆ ಟಯರು ಬೇಗ ಸವೀಬೇಕಿತ್ತು ಸಾರ್. ಸ್ಟೋರಿನ ಪುಸ್ತಕ ತಂದಿದೀನಿ. ತಯಾರಿಸಿದವರು ಹೇಳಿದ್ದಕ್ಕಿಂತ ಎರಡು ಪಟ್ಟು ಬಾಳಿಕೆ ಬಂದಿದೆ. ಬರೆದಿಡದೇ ಇದ್ದಿದ್ದು ತಪ್ಪು. ಆ ತಪ್ಪು ಮೇಡಂದು. ಮೂವತ್ತೊಂದು ವರ್ಷ ಒಬ್ಬರೂ ಹೋಗಿ ಕೇಳದೇ ಇದ್ದಿದ್ದೂ ತಪ್ಪು. ಅದು ನಮ್ಮದು. ಹೊಸ ತೊಲೇನ ಹಳೇ ತೊಲೆ ಅಳತೆಗೇ ಎರಕ ಹೊಯ್ದರೆ ಆಯ್ತು, ಹೊಸ ರೈಲನ್ನೂ ಅದೇ ಅಳತೆಗೆ ಮಾಡಿಸಿದ್ರೆ ಆಯ್ತು. ಅಳತೆ ತೆಗೆಯಕ್ಕೆ ಎರಡು ವಾರ ಕೊಡಿ."

ನನ್ನ ತಪ್ಪನ್ನು ನನ್ನ ಮುಂದೆಯೇ ತಪ್ಪು ಅಂದಳು. ಬೇರೆ ಯಾರಾದರೂ ಅಂದಿದ್ದರೆ ಇನ್ನೊಂದು ಲೋಟ ಬೀಳುತ್ತಿತ್ತು. ಎದೆ ತುಂಬಿ ಬಂತು. ಮೇಜಿನ ಕೆಳಗೆ ಸೆರಗು ಹಿಂಡಿಕೊಂಡು ಕೂತೆ, ಕಣ್ಣಲ್ಲಿ ನೀರು ಬಂದರೆ ಟೈಯಪ್ಪ ಗೆದ್ದೆ ಅಂದುಕೊಂಡಾನು.

ಡೈರೆಕ್ಟರು ಎರಡು ವಾರ ಕೊಟ್ಟರು. ನನಗೆ ಒಂದು ಎಚ್ಚರಿಕೆ ಪತ್ರವನ್ನೂ ಕೊಟ್ಟರು. ನ್ಯಾಯ.

ಮಾರ್ಚ್ 13, ಗುರುವಾರ. ಬೆಳಿಗ್ಗೆ 7

ಮಗಳು ತೊಲೆ ಹತ್ತಿದಳು. ಬಾ ಅಂತ ನಾನು ಕರೆದಿಲ್ಲ. ಸೊಂಟಕ್ಕೆ ಬೆಲ್ಟು, ತಲೆಗೆ ಟೋಪಿ, ಮೊಣಕಾಲು ನಡುಗುತ್ತಿತ್ತು. ಮನೆಯಲ್ಲಿ ಸ್ಟೂಲು ಹತ್ತಿ ಬಲ್ಬು ಹಾಕಲು ಹೆದರುವವಳು.

"ಕೆಳಗೆ ನೋಡ್ಬೇಡ" ಅಂದೆ.

"ಮತ್ತೆ ಎಲ್ಲಿ ನೋಡ್ಲಿ?"

"ನನ್ನ ಬೆನ್ನು ನೋಡು."

"ಅದನ್ನೇ ಹುಟ್ಟಿದಾಗಿಂದ ನೋಡ್ತಿದೀನಿ" ಅಂದಳು.

ಹತ್ತು ಹೆಜ್ಜೆಗೊಂದು ಅಳತೆ. ಅವಳು ಲೇಸರ್ ಹಿಡಿಯುವುದು, ನಾನು ಅಂಗೈ ಆಡಿಸಿ ಮೊದಲೇ ಹೇಳುವುದು. "ಎಂಬತ್ತೇಳು." ಲೇಸರ್: ಏಳುನೂರ ಎಂಬತ್ತೇಳು. "ಇಲ್ಲಿ ಎಂಬತ್ತೈದೂವರೆ." ಲೇಸರ್: ಎಂಬತ್ತೈದೂವರೆ. ಮೂವತ್ತು ಅಳತೆಗೆ ಎರಡು ಸಲ ತಪ್ಪಿದೆ. ಎರಡನೇದರಲ್ಲಿ ಲೇಸರಿನದೇ ತಪ್ಪು ಅಂತ ಈಗಲೂ ನನ್ನ ಅಭಿಪ್ರಾಯ.

ಮಾರ್ಚ್ 27, ಗುರುವಾರ

ಮುಗಿಯಿತು. ಆರು ಕಿಲೋಮೀಟರು, ಇಂಚು ಬಿಡದೆ. ಯಾವ ತಿರುವಿನಲ್ಲಿ ಎಷ್ಟು ಉಜ್ಜಿದೆ, ಯಾವ ರೈಲಿಗೆ ಎಷ್ಟು ತಗಡು, ಎಲ್ಲ ಕಾಗದಕ್ಕೆ ಬಂತು. ಹೊಸ ತೊಲೆ ಏಳುನೂರ ಎಂಬತ್ತಾರು.

ಮಗಳು ಹೊಸ ನಕ್ಷೆ ಹಾಸಿ ತೋರಿಸಿದಳು. ಕೆಳಗಿನ ಮೂಲೆಯಲ್ಲಿ ಸಣ್ಣ ಚೌಕ. ತೊಲೆ ಹದ ಮಾಡಿದವರು — ದೊಡ್ಡ ಮೇಸ್ತ್ರಿಯ ಪೂರ್ತಿ ಹೆಸರು. ಅಳತೆ ಕೊಟ್ಟವರು — ನನ್ನ ಹೆಸರು. ನಕ್ಷೆ ಬರೆದವರು — ಅವಳದು.

"ಹೀಗೆಲ್ಲ ಬರೆಯಬಹುದಾ?" ಕೇಳಿದೆ.

"ಬರೆದಾಯ್ತು" ಅಂದಳು.

ಮೂರು ಹೆಸರನ್ನೂ ಓದಿದೆ. ಮತ್ತೆ ಓದಿದೆ. ಯಜಮಾನರು ಇಣುಕಿ, "ನನ್ನದೆಲ್ಲಿ?" ಅಂದರು. "ನೀವು ಕುದುರೆ ಕಡೆ ನೋಡ್ಕೊಳ್ಳಿ" ಅಂದೆ.

ಏಪ್ರಿಲ್ 3, ಗುರುವಾರ

ಮತ್ತೆ ಶುರುವಾಯಿತು. ಬಸ್ಸಿನ ಕಂಪನಿಯವರು ಮೂವತ್ತು ಬಸ್ಸು ತೋರಿಸಿ ಹೋಗಿದ್ದಾರೆ. ನಾಳೆ ಹೇಳಿದರೆ ನಾಡಿದ್ದು ಬಂದು ನಿಲ್ಲುತ್ತವಂತೆ. ನಕ್ಷೆಯಲ್ಲಿ ಒಂದು ಗೆರೆಯೂ ತಪ್ಪಿಲ್ಲ ಅಂತ ಎಲ್ಲರೂ ಒಪ್ಪಿದರು, ಟೈಯಪ್ಪನೂ ಒಪ್ಪಿದ. ಆದರೂ ಡೈರೆಕ್ಟರು "ಸ್ವಲ್ಪ ಯೋಚನೆ ಮಾಡೋಣ" ಅಂದರು. ಹಿಂದಿನ ಎರಡು ಸಲವೂ ಲೈನು ಸತ್ತಿದ್ದು ಇದೇ ಮಾತಿನಿಂದ. ಬೇಡ ಅಂತ ಯಾರೂ ಹೇಳಲಿಲ್ಲ. ಆಗಿನ ಡೈರೆಕ್ಟರುಗಳು ಯೋಚನೆ ಮಾಡುತ್ತಾ ಮಾಡುತ್ತಾ ವರ್ಗವಾಗಿ ಹೋದರು.

ತೊಲೆ ಎರಕ ಹೊಯ್ಯುವ ಯಾರ್ಡಿನವರು ಮಗಳಿಗೆ ಫೋನು ಮಾಡಿದ್ದಾರೆ. ಅಚ್ಚು ಕತ್ತರಿಸಲು ನಮಗೆ ಹದಿನಾರನೇ ತಾರೀಖು ಇಟ್ಟಿದ್ದಾರೆ. ತಪ್ಪಿದರೆ ಬೇರೊಂದು ಸೇತುವೆ ಕೆಲಸ ಹಿಡಿಯುತ್ತಾರೆ. ಆಮೇಲೆ ಎರಡು ವರ್ಷ ಸಿಗುವುದಿಲ್ಲ.

ಮಗಳು ನಕ್ಷೆ ಸುತ್ತಿ ಬೀರುವಿನ ಮೇಲಿಟ್ಟಳು. ಅದು ನೋಡಲಾಗಲಿಲ್ಲ.

ಏಪ್ರಿಲ್ 8, ಮಂಗಳವಾರ

ಡೈರೆಕ್ಟರ ಬಾಗಿಲಿಗೆ ಮೂರು ಸಲ ಹೋದೆ. ಮೂರು ಸಲವೂ ಮೀಟಿಂಗು. ಕೂಗಾಡಲಿಲ್ಲ. ಬರೆದು ಕೊಡುತ್ತೇನೆ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಒಳ್ಳೆ ಕಾಗದಕ್ಕೆ.

ಡೈರೆಕ್ಟರಿಗೆ,

ತೊಲೆಯ ಕೆಲಸದವಳು ಬರೆಯುವುದು. ರೈಲು ಯಾಕೆ ಉದ್ದವಾಗುವುದಿಲ್ಲ ಅಂತ ನೀವು ಪ್ಲಾಟ್‌ಫಾರಮಿನಲ್ಲಿ ಕೇಳಿದಿರಿ. ಅವತ್ತು ಹೇಳಿದ ಕಾರಣಗಳಿಗೆಲ್ಲ ಮಗಳು ಉತ್ತರ ಕಂಡುಹಿಡಿದಿದ್ದಾಳೆ. ಒಂದು ಕಾರಣ ನಾನೇ ಆಗಿದ್ದೆ, ಅದನ್ನೂ ಸರಿಮಾಡಿದ್ದೇವೆ. ಉಳಿದಿದ್ದು ಒಂದೇ. ಅದು ನಿಮ್ಮ ಕುರ್ಚಿಯಲ್ಲಿ ಕೂತಿದೆ.

ಗುಂಡಿ ನಿಮ್ಮ ಕಾಲದಲ್ಲಿ ಬೀಳುತ್ತದೆ, ರಿಬ್ಬನ್ನು ಎಂಟನೆಯವರು ಕತ್ತರಿಸುತ್ತಾರೆ. ಹೌದು. ನಾನು ಉಜ್ಜಿದ್ದಕ್ಕೂ ಯಾರೂ ರಿಬ್ಬನ್ನು ಕಟ್ಟಲಿಲ್ಲ. ಕೆಲಸ ನಿಂತಿದೆಯಾ? ಎಂಟುನೂರರ ನಕ್ಷೆಗೆ ಸಹಿ ಮಾಡಿದ್ದರೆ ನನ್ನ ಮಗಳಿಗೆ ಇಷ್ಟೊತ್ತಿಗೆ ಶಹಬ್ಬಾಸ್ ಸಿಗುತ್ತಿತ್ತು. ಅವಳು ನಡುಗುವ ಕಾಲಲ್ಲಿ ಮೇಲೆ ಹತ್ತಿ ಸರಿಯಾದದ್ದು ತಂದಿದ್ದಾಳೆ. ನನ್ನ ಸರ್ವೀಸಿನಲ್ಲಿ ನೋಡಿದ ಅತ್ಯಂತ ಒಳ್ಳೆಯ ಕೆಲಸ ಅದು, ನನ್ನದನ್ನೂ ಸೇರಿಸಿ ಹೇಳುತ್ತಿದ್ದೇನೆ.

ಬಸ್ಸು ಬೇಕಾದರೆ ಬಸ್ಸು ತಗೊಳ್ಳಿ. ಬೇಡ ಅನ್ನುವುದಾದರೆ ಬೇಡ ಅನ್ನಿ. ಯೋಚನೆ ಮಾಡುತ್ತೇವೆ ಅಂತ ಮಾತ್ರ ಅನ್ನಬೇಡಿ. ಹದಿನಾರಕ್ಕೆ ಅಚ್ಚು ಕತ್ತರಿಸಬೇಕು. ಹದಿನೈದನೇ ತಾರೀಖು, ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿನಲ್ಲಿರುತ್ತೇನೆ. ಅಷ್ಟರೊಳಗೆ ಉತ್ತರ ಬೇಕು. ಹೌದೋ, ಅಲ್ಲವೋ.